ಮನೆಯವರ ಪಂಕ್ತಿ

ಕ್ಯಾಟರಿಂಗ್‌ಗೆ ಹೋಗುವ ಹುಡುಗಿ ಅಂತ ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುವುದಿಲ್ಲ. ಹೋಗುತ್ತೇನಪ್ಪ, ಅದಕ್ಕೇನೀಗ? ಕುಂದಾಪುರದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ, ರಜೆಯ ದಿನ ಮದುವೆ ಹಾಲ್‌ಗಳಲ್ಲಿ ಬಡಿಸುತ್ತೇನೆ. ನೀಲಿ ಟೀ ಶರ್ಟು, ತಲೆಗೊಂದು ಟೋಪಿ, ಕೈಯಲ್ಲಿ ಸಾಂಬಾರಿನ ಬಕೆಟ್ಟು. ಕಾಲೇಜಿನಲ್ಲಿ ಒಬ್ಬ "ಹ್ವಾಯ್ ಸಾಂಬಾರ್" ಅಂತ ಕೂಗಿದ್ದ. "ಎಂತ, ಹಶುವಾ? ಎಲಿ ಹಾಕ್ಕಂಡ್ ಕೂಕೋ, ಬಡ್ಸ್ತೆ" ಅಂದೆ. ಆಮೇಲೆ ಅವನ ಬಾಯಿ ಬಂದ್.

ನನ್ನ ಸಿಟ್ಟೆಲ್ಲ ರತನ್ ಮೇಲೆ.

ರತನ್ ನನ್ನ ಕ್ಲಾಸಿನವನೇ. ಬಸ್ರೂರಿನವನು, ಅಪ್ಪನದು ದಿನಸಿ ಅಂಗಡಿ. ಪೆಟ್ರೋಲಿಗೂ ಅಪ್ಪನ ಮುಂದೆ ಕೈ ಚಾಚುವುದು ಬೇಡ ಅಂತ ಅವನೂ ನಮ್ಮ ಗುಂಪಿನಲ್ಲಿ ಬಡಿಸಲು ಬರುತ್ತಿದ್ದ. ಮನೆಯಲ್ಲಿ ಮಾತ್ರ ಕಂಪ್ಯೂಟರ್ ಕ್ಲಾಸ್ ಎಂದು ಹೇಳಿದ್ದ. ಎಷ್ಟು ಸೆಕೆಯಾದರೂ ಮುಖದ ಮಾಸ್ಕ್ ತೆಗೆಯುತ್ತಿರಲಿಲ್ಲ. ಒಮ್ಮೆ ಬೈಂದೂರಿನ ಮದುವೆಯೊಂದರಲ್ಲಿ ಅವನ ಸೋದರಮಾವ ಬಂದು ಸಾಲಿನಲ್ಲಿ ಕೂತುಬಿಟ್ಟರು. ಇವನು ಓಡಿಹೋಗಿ ಅನ್ನದ ಹಂಡೆಯ ಹಿಂದೆ ಅಡಗಿದ. ಅವನ ಸಾಲಿಗೂ ನಾನೇ ಬಡಿಸಿದೆ.

"ಎಂತ ಮರಾಯ, ಎಲ್ಲಾದ್ರೂ ಕದ್ಕಂಡ್ ಬಂದಿದ್ಯಾ?" ಅಂತ ಕೇಳಿದೆ.

"ನಮ್ಮನಿಯಂಗೆ ಒಪ್ಪುದಿಲ್ಲ ಚಂದನಾ. ನಿಂಗ್ ಗೊತ್ತಾತಿಲ್ಲೆ" ಅಂದ.

ಪಾಪ ಅನಿಸಿತು. ಪ್ರೀತಿ ಅಂದರೆ ಪಾಪ ಅನಿಸುವುದೇ ಅಂತ ತಿಳಿದಿದ್ದೆ ಆಗ. ನನ್ನ ಬುದ್ಧಿ ಅಷ್ಟೇ.

ಎರಡು ವರ್ಷ ಒಟ್ಟಿಗೆ ಬಡಿಸಿದೆವು. ಎಲ್ಲರ ಊಟವಾದ ಮೇಲೆ ಒಟ್ಟಿಗೇ ಕೂತು ಉಂಡೆವು. ಮದುವೆಯಾಗುವ ಮಾತೂ ಆಯಿತು. ಅವನ ಅಕ್ಕ ಪ್ರೇಕ್ಷಾಳ ಮದುವೆ ಬ್ರಹ್ಮಾವರದ ಒಂದು ಹಾಲ್‌ನಲ್ಲಿ ಗೊತ್ತಾದಾಗ ಕಾರ್ಡು ಕೈಗೆ ಕೊಟ್ಟು, "ನಿನ್ನಮ್ಮನ್ನೂ ಕರ್ಕಂಡ್ ಬಾ. ಅವತ್ತೇ ನಮ್ಮಮ್ಮನತ್ರ ನಿನ್ನ ವಿಷ್ಯ ಹೇಳ್ತೆ" ಎಂದ.

ನನ್ನ ಅಮ್ಮ ಚಂದ್ರಮತಿ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು ಊರೂರು ತಿರುಗಿ ಮಾರುವವಳು. ಅಪ್ಪ ಇಲ್ಲ. ಸುದ್ದಿ ಕೇಳಿ ಮೊದಲು ಬೈದಳು, ಆಮೇಲೆ ಅತ್ತಳು, ಕೊನೆಗೆ ಕಪಾಟಿನಿಂದ ರೇಷ್ಮೆ ಸೀರೆ ತೆಗೆದಳು. ಒಂದು ತನಗೆ, ಒಂದು ನನಗೆ. ಬ್ರಹ್ಮಾವರದಲ್ಲಿ ಬಸ್ಸಿಳಿಯುವಾಗ ನನ್ನ ನೆರಿಗೆ ತಾನೇ ಸರಿಮಾಡಿದಳು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ರತನ್‌ನ ಅಮ್ಮ ಶ್ರೀಲತಾ ಸೀದಾ ನಾನು ಕೂತಲ್ಲಿಗೇ ಬಂದರು.

"ಚಂದನಾ ಅಂದ್ರೆ ನೀನೇ ಅಲ್ದಾ? ರತನ್ ಹೇಳ್ದ."

ಅಯ್ಯೋ ದೇವರೇ, ಹೇಳಿಯೇ ಬಿಟ್ಟನಾ!

"ಬಡ್ಸುಕೆ ಜನ ಸಾಲ್ತಿಲ್ಲೆ ಕಾಣ್. ಸ್ವಲ್ಪ ಬಡ್ಸ್ತ್ಯಾ ಮಗಾ?"

ನಮ್ಮ ಕಡೆ ಎಷ್ಟೇ ದೊಡ್ಡ ಕ್ಯಾಟರಿಂಗ್ ಮಾಡಲಿ, ಮನೆಯವರು ಸೆರಗು ಸಿಕ್ಕಿಸಿಕೊಂಡು ಒಂದು ಸುತ್ತು ಪಾಯಸವನ್ನಾದರೂ ಬಡಿಸದಿದ್ದರೆ ಅದು ಊಟ ಅಲ್ಲ. ನೆಂಟರು ಕೂತು ಉಣ್ಣಬೇಕು, ಮನೆಯವರು ನಿಂತು ಬಡಿಸಬೇಕು. ಸೀರೆ ಉಟ್ಟು ಬಂದ ಹುಡುಗಿಗೆ ನೀನೂ ಬಡಿಸು ಅಂದರೆ ನೀನು ನಮ್ಮವಳು ಅಂದ ಹಾಗೇ. ನಾನು ಹೇಗೆ ಎದ್ದು ಓಡಿದೆ ಅಂತೀರಿ! ಪಾಯಸದ ಬಕೆಟ್ಟು ಅವತ್ತು ಭಾರವೇ ಇರಲಿಲ್ಲ. ಅಜ್ಜಂದಿರಿಗೆಲ್ಲ ಒತ್ತಾಯ ಮಾಡಿ ಬಡಿಸಿದೆ. ಅಮ್ಮನ ಎಲೆಗೂ ಬಡಿಸಿದೆ. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು, ಕಣ್ಣು ತುಂಬಿತ್ತು. ರತನ್ ಜರಿಪಂಚೆ ಉಟ್ಟು ಅತ್ತಿತ್ತ ಓಡಾಡುತ್ತಿದ್ದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ತನ್ನಮ್ಮನ ಎದುರು ನಾಚಿಕೆಯಿರಬೇಕು ಅಂದುಕೊಂಡೆ.

ಎಲ್ಲರದೂ ಮುಗಿದು ಮನೆಯವರ ಪಂಕ್ತಿ ಕೂತಿತು. ನಾನು ಕೈ ತೊಳೆದು ಬಂದು ಅವನ ದೊಡ್ಡಮ್ಮನ ಬದಿಯ ಕುರ್ಚಿ ಎಳೆದು ಕೂತೆ.

"ಇದ್ ಯಾರ್ ಶ್ರೀಲತಾ?" ಅಂತ ದೊಡ್ಡಮ್ಮ ಕೇಳಿದರು.

"ಕ್ಯಾಟರಿಂಗಿಗೆ ಹೋಪ ಹುಡ್ಗಿ ಅಕ್ಕ. ಜನ ಕಡ್ಮಿ ಆಯ್ತ್ ಅಂದದ್ದಕ್ಕೆ ರತನೇ ಹೇಳ್ದ, ಅಲ್ಲ್ ಚಂದನಾ ಅಂತ ಒಂದ್ ಹುಡ್ಗಿ ಕೂತಿತ್ತ್, ಅದರ ಕೆಲ್ಸವೇ ಅದ್, ಹೇಳ್ರೆ ಬಡ್ಸತ್ತ್ ಅಂತ."

ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಗ ಹೇಳಿದ್ದನ್ನು ಹೇಳಿದರು, ಅಷ್ಟೇ. ನಾನು ಎದುರು ಸಾಲಿನಲ್ಲಿದ್ದ ರತನ್‌ನನ್ನು ನೋಡಿದೆ. ಅವನು ಎದ್ದು ನಮ್ಮ ಕಡೆಗೇ ಬಂದ. ಈಗ ಹೇಳುತ್ತಾನೆ, ಈಗಲಾದರೂ ಹೇಳುತ್ತಾನೆ ಅಂತ ಉಸಿರು ಹಿಡಿದು ಕೂತೆ.

"ನಿಮ್ಮೋರಿಗೆಲ್ಲ ಹಿಂದ್ ಎಲಿ ಹಾಕಿರ್" ಎಂದ. "ನೀವ್ ಅಲ್ಲ್ ಹೋಯಿ ಉಣ್ಣಿ."

ನನ್ನ ಎಲೆಯಿಂದ ಹಪ್ಪಳ ಕದ್ದು ತಿನ್ನುತ್ತಿದ್ದವನು! ನಾಯಿಗಾದರೂ ನಿಯತ್ತು ಇರುತ್ತದೆ. ನೀನೂ ನಮ್ಮವನೇ ಅಲ್ಲವೇನೋ, ಹೋದ ಭಾನುವಾರ ಪಲ್ಯದ ತಟ್ಟೆ ಹಿಡಿದವನು ಯಾರು ಅಂತ ಹಾಲ್‌ ಇಡೀ ಕೇಳುವ ಹಾಗೆ ಕಿರುಚಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕಿರುಚಿದರೆ ಅವನ ಮರ್ಯಾದೆ ಹೋಗುತ್ತಿತ್ತು, ಹೋಗಲಿ. ಆದರೆ ಬಡಿಸಿದ್ದಕ್ಕೆ ಮರ್ಯಾದೆ ಹೋಗುತ್ತದೆ ಅಂತ ನಾನೂ ಒಪ್ಪಿದ ಹಾಗಾಗುತ್ತಿತ್ತಲ್ಲ. ಅದನ್ನು ನಾನು ಸತ್ತರೂ ಒಪ್ಪುವುದಿಲ್ಲ. ಎದ್ದು ಹೋದೆ.

ಹಿಂದೆ ಪಾತ್ರೆ ತೊಳೆಯುವ ಬದಿಯಲ್ಲಿ ಉಡುಪಿಯ ಕ್ಯಾಟರಿಂಗಿನ ಮಕ್ಕಳು ಉಣ್ಣುತ್ತಿದ್ದರು, ನನಗೆ ಒಬ್ಬರದೂ ಪರಿಚಯವಿಲ್ಲ. ನನ್ನ ರೇಷ್ಮೆ ಸೀರೆ ನೋಡಿ ಗಾಬರಿಯಾದರು. ಒಬ್ಬಳು ಸರಿದು, "ಬನ್ನಿ ಅಕ್ಕ" ಎಂದು ಜಾಗ ಮಾಡಿದಳು. ಅನ್ನದ ಮೇಲೆ ಸಿಟ್ಟು ಮಾಡಬಾರದು ಅಂತ ಅಮ್ಮ ಯಾವಾಗಲೂ ಹೇಳುತ್ತಾಳೆ. ಉಂಡೆ. ಏನು ಉಂಡೆ ಅಂತ ಕೇಳಬೇಡಿ.

ಅಮ್ಮ ಹಾಲ್‌ನ ಬಾಗಿಲಲ್ಲಿ ನಗುತ್ತಾ ಕಾಯುತ್ತಿದ್ದಳು. ಕುಂದಾಪುರದ ಬಸ್ಸು ಹತ್ತಿ ಸೀಟು ಸಿಕ್ಕಿದ್ದೇ ಶುರುಮಾಡಿದಳು.

"ಅಬ್ಯಾ, ನಿನ್ನತ್ರವೇ ಪಾಯ್ಸ ಬಡ್ಸುಕೆ ಹೇಳ್ರಲೆ ಮಗಾ! ಉಂಬುಕೆ ಯಾರ್ ಬದಿಗೆ ಕೂಕಂಡೆ?"

"ಅವ್ನ ದೊಡ್ಡಮ್ಮನ ಬದಿಗೆ."

ಎಲ್ಲಿ ಹೋಗುತ್ತೇನೆ, ಎಲ್ಲಿ ಉಣ್ಣುತ್ತೇನೆ ಅಂತ ಅಮ್ಮನಿಗೆ ನಾನು ಹಿಂದೆ ಸುಳ್ಳು ಹೇಳಿದವಳಲ್ಲ. ಆ ಸುಳ್ಳು ಹೇಗೆ ಬಂತೋ ನನಗೇ ತಿಳಿಯಲಿಲ್ಲ.

ಕೋಟ ದಾಟುವವರೆಗೆ ಅಮ್ಮ ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಾ ಒಂದ್ ಯೋಚ್ನಿ ಮಾಡ್ದೆ. ಇನ್ನ್ ನಾ ಬಸ್ರೂರ್ ಬದಿಗೆ ಮೀನ್ ಮಾರುಕೆ ಹೋತಿಲ್ಲೆ. ಮಗಳ್ ಕೊಟ್ಟ ಊರಂಗೆ ಬುಟ್ಟಿ ಹೊತ್ಕಂಡ್ ಕೂಗ್ರೆ ನಿಂಗೇ ಮರ್ಯಾದಿ ಅಲ್ಲ. ಆ ಗಿರಾಕಿಯೆಲ್ಲ ನಮ್ಮ ಕೇರಿ ರತ್ನಕ್ಕಂಗೆ ಬಿಟ್ಟ್ ಕೊಡ್ತೆ."

ಅಮ್ಮನ ಒಳ್ಳೆಯ ಗಿರಾಕಿಗಳೆಲ್ಲ ಬಸ್ರೂರಿನವರೇ. ಆ ಊರಿನ ದುಡಿಮೆಯಲ್ಲೇ ಅವಳು ನನ್ನನ್ನು ಓದಿಸಿದ್ದು. ರತನ್ ಎಬ್ಬಿಸಿ ಕಳಿಸಿದಾಗ ಬಾರದ ಅಳು ನನಗೆ ಆಗ ಬಂತು.

"ನೀ ಹೋಗ್ಲೇಬೇಕ್ ಅಮ್ಮ" ಅಂದೆ. "ನಾಳಿಗೇ ಹೋಯ್ಕ್. ಅವ್ರ ಮನಿ ಬಾಗ್ಲಂಗೇ ನಿಂತ್ಕಂಡ್ ಕೂಗ್ಕ್."

"ಎಂತ ಆಯ್ತ್ ಹೆಣೆ? ಎಂತಕ್ ಮರ್ಕುದ್?"

"ನಾ ಮನಿಯೋರ್ ಒಟ್ಟಿಗೆ ಉಣ್ಲಿಲ್ಲ. ನಂಗ್ ಹಿಂದ್ ಪಾತ್ರಿ ತೊಳು ಬದಿಗೆ ಎಲಿ ಹಾಕ್ರ್. ಕ್ಯಾಟರಿಂಗಿನ ಹುಡ್ಗಿ ಅಂದೇ ಬಡ್ಸುಕೆ ಕರ್ದದ್ ಅಮ್ಮ. ಎಬ್ಸಿ ಕಳ್ಸ್ದವ ರತನೇ."

ಬಸ್ಸಿನಲ್ಲಿ ಮುಂದಿನ ಸೀಟಿನವರು ತಿರುಗಿ ನೋಡಿದರು. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಹೊಟ್ಟಿ ತುಂಬ ಉಂಡ್ಯಾ?" ಅಂತ ಕೇಳಿದಳು.

ತಲೆಯಾಡಿಸಿದೆ. ಕುಂಭಾಶಿ ಬಂತು, ಜನ ಇಳಿದರು, ಹತ್ತಿದರು.

"ಉಂಬುವಾಗ ಬದಿಗೆ ಕೂತೋರಿಗೆಲ್ಲ ನಾ ಹೇಳಿಬಿಟ್ಟೆನಲೆ ಮಗಾ" ಎಂದಳು ಅಮ್ಮ, "ಇದ್ ನಮ್ಮ ಬೀಗರ್ ಮನಿ ಊಟ ಅಂತ."