ಜೇನು ಕೂತ ಕೋಟು

ಸಾಬೂನು ಕಾರ್ಖಾನೆಯಲ್ಲಿ ಪರಿಮಳ ಬೆರೆಸುವವನಿಗೆ ಮೂಗೇ ಬಂಡವಾಳ. ಅದು ನೆಗಡಿಯಿಂದ ಮೂರು ದಿನ ಕಟ್ಟಿಕೊಂಡಿದ್ದನ್ನು ಅವನು ಯಾರಿಗೂ ಹೇಳದೆ, ಅಳತೆಯ ಚೀಟಿ ನೋಡಿಕೊಂಡೇ ಕೆಲಸ ಸಾಗಿಸುತ್ತಿದ್ದ. ಹೀಗಾಗಿ ಕಾರ್ಖಾನೆ ಕೊಟ್ಟ ಕೋಟಿನ ಜೇಬಿನಲ್ಲಿ ಮರೆತ ಸೀಸೆಯಿಂದ ಜೆರಾನಿಯಾಲ್ ಸೋರಿದ್ದು ಅವನಿಗೆ ತಿಳಿಯಲಿಲ್ಲ. ಗುಲಾಬಿಗೆ ಅದರ ಕಂಪು ಕೊಡುವ ಆ ದ್ರವ ಒಂದು ಹನಿ ಬಿದ್ದರೂ ಕೋಣೆಯೆಲ್ಲ ಘಮಘಮ. ಸೋರಿದ್ದು ಅರ್ಧ ಸೀಸೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದಾಗ, ತನ್ನ ಸೀನಿಗೆ ಹೆದರಿದರೆಂದುಕೊಂಡು ಆರಾಮವಾಗಿ ಕಾಲು ಚಾಚಿ ಕೂತ.

ಹೆಂಡತಿ ಬಾಗಿಲಲ್ಲೇ ಕೋಟು ಬಿಚ್ಚಿಸಿ ಬಾಲ್ಕನಿಯಲ್ಲಿ ನೇತುಹಾಕಿದಳು. ಮರುದಿನ ರಜೆ. ಹತ್ತು ಗಂಟೆಯ ಹೊತ್ತಿಗೆ ಕೋಟು ಗುಂಯ್‌ಗುಡತೊಡಗಿತು. ನೋಡಿದರೆ, ಕಾಲರಿನಿಂದ ಜೇಬಿನವರೆಗೆ ಮುತ್ತಿಕೊಂಡ ಜೇನುಹುಳ.

ಅವು ಎದುರುಮನೆಯ ನಿವೃತ್ತ ಮೇಷ್ಟ್ರು ಸಾಕಿದ ಹುಳಗಳು. ಇವನು ಮೈಮೇಲೆ ಹೊತ್ತು ತರುವ ಕಾರ್ಖಾನೆಯ ವಾಸನೆಗೆ ತಮ್ಮ ಜೇನು ದಿಕ್ಕು ತಪ್ಪುತ್ತದೆಂದು ಮೇಷ್ಟ್ರು ಐದು ವರ್ಷದಿಂದ ಇವನ ಜೊತೆ ಮಾತು ಬಿಟ್ಟಿದ್ದರು. ಅವತ್ತು ಜೇನುಪೆಟ್ಟಿಗೆ ಬಿಟ್ಟು ಹಾರಿದ ಹಿಂಡನ್ನು ಹುಡುಕಿ ಬೀದಿಯೆಲ್ಲ ಅಲೆದು, ಕೊನೆಗೆ ಇವನ ಬಾಗಿಲನ್ನೇ ತಟ್ಟಬೇಕಾಯಿತು.

"ನಿಮ್ಮ ಕೋಟು ನನ್ನ ಜೇನನ್ನ ಕದ್ದಿದೆ," ಅಂದರು.

"ಕದ್ದಿಲ್ಲ ಮೇಷ್ಟ್ರೇ, ಅವೇ ಬಂದು ಕೂತಿರೋದು. ದಯವಿಟ್ಟು ಕರ್ಕೊಂಡು ಹೋಗಿ."

ಮೇಷ್ಟ್ರು ಬಾಲ್ಕನಿಗೆ ಹೋಗಿ ಗಾಳಿ ಮೂಸಿದರು. ಬಿಗಿದ ಮುಖ ಸಡಿಲವಾಯಿತು. ಜೇನುಹುಳ ತನ್ನ ಬಳಗವನ್ನು ಕರೆಯಲು ಬಿಡುವ ವಾಸನೆಯಲ್ಲೂ ಇದೇ ಜೆರಾನಿಯಾಲ್ ಇರುತ್ತದೆ ಎಂದು ತರಗತಿಯಲ್ಲಿ ಹೇಳುವಂತೆ ವಿವರಿಸಿದರು. ಆಮೇಲೆ ಇವನತ್ತ ತಿರುಗಿದರು.

"ಬೀದಿ ಕೊನೇವರೆಗೂ ವಾಸನೆ ಬರ್ತಿದೆ. ನಿಮಗೆ ಗೊತ್ತೇ ಆಗ್ಲಿಲ್ವಾ?"

"ಮೂಗು ಕಟ್ಟಿದೆ. ಕಾರ್ಖಾನೆಯಲ್ಲಿ ಯಾರಿಗೂ ಹೇಳ್ಬೇಡಿ."

ಮೇಷ್ಟ್ರು ನಕ್ಕರು. ಐದು ವರ್ಷದ ಮುನಿಸು ಆ ನಗೆಯಲ್ಲೇ ಕರಗಿತು.

ಕೋಟನ್ನು ಕೋಲಿಗೆ ತೂಗುಹಾಕಿ ಇಬ್ಬರೂ ಎರಡು ತುದಿ ಹಿಡಿದು, ಮಲಗಿದ ಮಗುವನ್ನು ಹೊತ್ತವರಂತೆ ಮೆಲ್ಲಗೆ ಮೆಟ್ಟಿಲಿಳಿದರು. ಹೆಂಡತಿ ಮುಂದೆ ನಡೆದು ಬೀದಿಯವರನ್ನೆಲ್ಲ ಸರಿಸಿದಳು. ಮೇಷ್ಟ್ರ ಮನೆಯ ತಾರಸಿಯಲ್ಲಿದ್ದ ದೊಡ್ಡ ಪೆಟ್ಟಿಗೆಗೆ ಕೋಟನ್ನು ಇಳಿಬಿಟ್ಟರು. ಹುಳಗಳು ಒಳಗೆ ನೆಮ್ಮದಿಯಾದವು, ಆದರೆ ಕೋಟು ಬಿಡಲೊಲ್ಲವು. ಈಗ ಎಳೆದರೆ ರೇಗುತ್ತವೆ, ಎರಡು ವಾರ ಇರಲಿ ಎಂದರು ಮೇಷ್ಟ್ರು.

ಮರುದಿನ ಕಾರ್ಖಾನೆಯಲ್ಲಿ ಬೇರೆ ಕೋಟು ಕೇಳಿ ಅರ್ಜಿ ಬರೆಯಬೇಕಾಯಿತು. ಕಾರಣದ ಜಾಗದಲ್ಲಿ ಸುಳ್ಳು ಹೊಳೆಯದೆ, "ಹಳೆಯದರಲ್ಲಿ ಜೇನು ಕೂತಿದೆ" ಎಂದು ಬರೆದ. ಉಗ್ರಾಣದವನು ಎರಡು ಸಲ ಓದಿ, ಕೆಳಗೆ ಷರಾ ಹಾಕಿ ಹಿಂದಿರುಗಿಸಿದ: "ಜೇನು ಎದ್ದ ಮೇಲೆ ಅದನ್ನೇ ಹಾಕಿಕೊಳ್ಳಿ."