ಸ್ತುತಿವಾಣಿ ಕೇಳುವ ಮುನ್ನೂರು ಮಂದಿ

ಭಾನುವಾರ ಸಂಜೆ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಸುಮಂತನ ಅರ್ಧ ಜೀವ ಹೋಗುತ್ತಿತ್ತು. ಉಳಿದರ್ಧವನ್ನು ಸೀರೆಯಂಗಡಿಯ ಪಕ್ಕದ ಮೂರು ಮಹಡಿಯ ಮೆಟ್ಟಿಲು ತಿನ್ನುತ್ತಿತ್ತು. ಹನ್ನೊಂದು ವರ್ಷದಿಂದ ಇದೇ ಪಾಡು. ವಾರವಿಡೀ ಸೈಬರ್‌ಜಯಾದ ಕಂಪನಿಯ ಕಂಪ್ಯೂಟರುಗಳ ಚಾಕರಿ, ಭಾನುವಾರ ‘ಸ್ತುತಿವಾಣಿ’ಯ ಕಂಪ್ಯೂಟರಿನ ಚಾಕರಿ.

ಮೈಸೂರಿನ ಚಾಮುಂಡಿ ಒಕ್ಕಲಿನವನಿಗೆ ಕನ್ನಡ ಕ್ರೈಸ್ತ ಗೀತೆಗಳ ಇಂಟರ್ನೆಟ್ ರೇಡಿಯೊ ಅಂಟಿಕೊಂಡದ್ದಕ್ಕೆ ಕಾರಣ ಸರೋಜಿನಿ ಆಂಟಿ. ಅವನ ಹೆಂಡತಿ ಹೆತ್ತಾಗ ಊರಿಂದ ಯಾರೂ ಬರಲಾಗಲಿಲ್ಲ. ಉಡುಪಿ ಕಡೆಯ ಈ ಹೆಂಗಸೇ ತಿಂಗಳುಗಟ್ಟಲೆ ಬಾಣಂತನ ಮಾಡಿದರು. ಆಮೇಲೊಂದು ದಿನ “ನಮ್ಮ ರೇಡಿಯೊ ಸ್ವಲ್ಪ ನೋಡ್ತೀಯಾ ಮಾರಾಯ?” ಎಂದರು. ಇವನು ಹೂಂ ಎಂದ. ಹೂಂ ಎನ್ನುವುದಕ್ಕೆ ಏನು ಖರ್ಚು!

ಇವತ್ತು ಮಾತ್ರ ಇದನ್ನು ಮುಗಿಸಿಬಿಡಬೇಕೆಂದೇ ಬಂದಿದ್ದ.

ಆಂಟಿ ಆಗಲೇ ಮೈಕಿನ ಮುಂದೆ ಕೂತಿದ್ದರು. ವಯಸ್ಸು ಎಪ್ಪತ್ತಮೂರು, ಮಂಡಿನೋವು, ಒಡೆದ ಗಂಟಲು. ಚರ್ಚಿನ ಸ್ಮರಣ ಸಂಚಿಕೆಗೆ ರೇಡಿಯೊದ ಇತಿಹಾಸ ಒಂದು ಪುಟ ಬೇಕಂತೆ. “ನಾನು ಹೇಳ್ತೇನೆ, ನೀನು ಬರಿ,” ಎಂದರು.

ಬರೆದ. ತಮಿಳು ಸಭೆಯವರು ಬಿಟ್ಟುಕೊಟ್ಟ ಕೋಣೆ. ಸದ್ದು ತಡೆಯಲು ಗೋಡೆಗೆ ಹೊಡೆದ ಮೊಟ್ಟೆಯ ಟ್ರೇಗಳು. ಹಾಡಲು ಹದಿನಾಲ್ಕು ಮಂದಿ. ಹಾರ್ಮೋನಿಯಂ ನುಡಿಸುತ್ತಿದ್ದ ವಿನಯ ಸಿಂಗಪುರಕ್ಕೆ ಹೋದ, ಅವನ ಹಿಂದೆ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಕೊರೊನಾ ಕಾಲದಲ್ಲಿ ರೇಡಿಯೊಗೆ ಸುಗ್ಗಿ, ಮನೆಯಲ್ಲಿ ಬಂದಿಯಾದ ಮುನ್ನೂರು ಮಂದಿ ದಿನಾ ಕೇಳುತ್ತಿದ್ದರು.

ಅಲ್ಲಿಂದ ಮುಂದಿನ ಇತಿಹಾಸ ಆಂಟಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆದದ್ದೇ ತಡ, ಜನ ಚದುರಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಮೂರು ವರ್ಷದ ಹಿಂದೆ ಜ್ವರದಲ್ಲೇ ಪ್ರಾರ್ಥನೆ ಓದಿ ಮುಗಿಸಿದ ಆಂಟಿ, “ಈಗಲೂ ಅಷ್ಟು ಜನ ಕೇಳ್ತಾರಾ?” ಎಂದು ಕೇಳಿದ್ದರು. ಕಂಪ್ಯೂಟರ್ ನಾಲ್ಕು ಎನ್ನುತ್ತಿತ್ತು. ಅದರಲ್ಲಿ ಒಂದು ಆಂಟಿ ಮನೆಯಲ್ಲಿ ಆನ್ ಮಾಡಿಟ್ಟು ಬಂದ ಫೋನು, ಇನ್ನೊಂದು ಇವನದೇ. “ಅದೇ ಮುನ್ನೂರು, ಆಂಟಿ,” ಎಂದುಬಿಟ್ಟ. ಅಯ್ಯೋ ಪಾಪವೆಂದು ಆಡಿದ ಮಾತು ಹುಲಿಯ ಬಾಲವಾಯಿತು, ಹಿಡಿದಿರಲೂ ಆಗದು, ಬಿಡಲೂ ಆಗದು.

“ಈಗ ಕೇಳುವವರು ಎಷ್ಟು ಅಂತ ಬರೆದೆ?”

ಸುಮಂತ ಕೀಲಿಮಣೆಯಿಂದ ಕೈ ತೆಗೆದ. “ಆಂಟಿ, ನಿಮಗೆ ಸುಳ್ಳು ಹೇಳ್ತಿದ್ದೆ. ನಾಲ್ಕೇ ಜನ. ಅದರಲ್ಲಿ ನೀವೂ ನಾನೂ ಸೇರಿದ್ದೀವಿ. ಮೂರು ವರ್ಷದಿಂದ ಹಿಂಗೇ. ಸಾಕು ಆಂಟಿ, ನಿಲ್ಲಿಸಿಬಿಡೋಣ. ನಂಗೂ ಸಾಕಾಗಿದೆ. ನೀವೂ ಸ್ವಲ್ಪ ರೆಸ್ಟ್ ತಗೊಳ್ಳಿ.”

ಬೈಯುತ್ತಾರೆ ಎಂದುಕೊಂಡಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಂಟಿ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತರು.

“ಹೋದ ವರ್ಷ ವಾಸಂತಿ ಆಸ್ಪತ್ರೆಯಿಂದ ಫೋನ್ ಮಾಡಿದ್ಳು,” ಎಂದರು. “ಒಂದು ತಿಂಗಳು ಬಂದು ನನ್ನ ಹತ್ರ ಇರು ಅಕ್ಕ, ಅಂದ್ಳು. ಮುನ್ನೂರು ಜನ ಕಾಯ್ತಾರೆ, ಹೇಗೆ ಬರ್ಲಿಕ್ಕೆ ಆಗ್ತದೆ, ಅಂದೆ.”

ವಾಸಂತಿ ಎಂದರೆ ಊರಲ್ಲೇ ಇದ್ದ, ಆಂಟಿಯ ಒಬ್ಬಳೇ ತಂಗಿ. ಆ ತಿಂಗಳು ತುಂಬುವ ಮೊದಲೇ ತೀರಿಕೊಂಡಿದ್ದಳು. ಸಾವಿನ ಸುದ್ದಿ ಬಂದ ಭಾನುವಾರವೂ ಆಂಟಿ ಇದೇ ಕುರ್ಚಿಯಲ್ಲಿ ಕೂತು ಕಾರ್ಯಕ್ರಮ ನಡೆಸಿದ್ದರು, “ಗಟ್ಟಿ ಜೀವ ನಿಮ್ದು” ಎಂದು ಹೊಗಳಿದವನು ಸುಮಂತನೇ. ಅವನಿಗೆ ತನ್ನ ನಾಲಗೆಯ ಮೇಲೆ ಹೇಸಿಗೆಯಾಯಿತು.

“ತಪ್ಪಾಯ್ತು ಆಂಟಿ.”

“ಅದೆಲ್ಲ ಆಮೇಲೆ. ಮುನ್ನೂರು ಅಂತಲೇ ಬರಿ.”

“ಚರ್ಚಿನ ಪುಸ್ತಕದಲ್ಲಿ ಸುಳ್ಳಾ?”

“ಆ ಪುಸ್ತಕ ವಾಸಂತಿಯ ಮಗಳಿಗೆ ಕಳಿಸ್ಲಿಕ್ಕೆ ಉಂಟು. ಅಮ್ಮ ಕೊನೆವರೆಗೂ ಬಾಗಿಲು ನೋಡ್ತಾ ಇದ್ರು, ನೀವ್ಯಾಕೆ ಬರ್ಲಿಲ್ಲ ದೊಡ್ಡಮ್ಮ, ಅಂತ ಕೇಳಿದ್ದಾಳೆ. ನಾಲ್ಕು ಜನಕ್ಕೋಸ್ಕರ ಬರ್ಲಿಲ್ಲ ಅಂತ ಹೇಳುದಾ?”

ಸುಮಂತ ಮುನ್ನೂರು ಎಂದು ಬರೆದ. ಗಂಟೆ ಐದಾಗುತ್ತ ಬಂದಿತ್ತು. ಆಂಟಿ ಕನ್ನಡಕ ಹಾಕಿಕೊಂಡು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇವತ್ತೂ ಮಾಡ್ತೀರಾ ಆಂಟಿ?”

“ಮತ್ತೆ?” ಎಂದರು ಆಂಟಿ, ಅವನ ಕಡೆ ನೋಡದೆ. “ಮುನ್ನೂರು ಜನ ಇರುವಾಗ ನಿಲ್ಲಿಸ್ಲಿಕ್ಕೆ ಉಂಟಾ?”