ಬಲೆಯೊಳಗಿನ ಮೀನು ಉಸಿರಾಡುವಷ್ಟು ಹೊತ್ತು

೧

ಎಲ್ಲಿಂದ ಶುರುಮಾಡಲಿ? ಕಾವ್ಯ ಓದುವವರಿಗೆ ಈ ಕಷ್ಟವಿಲ್ಲ. ಅವರು ಕಣ್ಣು ಮುಚ್ಚಿ, ಶ್ರುತಿ ಹಿಡಿದು, ದೇವರಿಗೊಂದು ನಮಸ್ಕಾರ ಹಾಕಿ, ಊರನ್ನೂ ಕೆರೆಯನ್ನೂ ಕೆರೆಯ ಹಂಸಗಳನ್ನೂ ವರ್ಣಿಸುತ್ತ ಬಂದರೆ ಸಾಕು, ಕಥೆ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ. ಕೇಳಿ ಕೇಳಿ ನನ್ನ ಕಿವಿಗೂ ಅದೇ ಅಭ್ಯಾಸ. ಮೊದಲ ಕರಡಿನಲ್ಲಿ ನಾನೂ ಕೆರೆಯನ್ನು ವರ್ಣಿಸಿದೆ. ಹಂಸಗಳಿದ್ದವು ನಿಜ, ಆದರೆ ಪ್ಲಾಸ್ಟಿಕ್ಕಿನವು. ಪೆಡಲ್ ತುಳಿದರೆ ಮುಂದೆ ಹೋಗುವಂಥವು, ಬಾಡಿಗೆಗೆ ಸಿಗುವಂಥವು. ಆ ಕರಡನ್ನು ಹರಿದೆ.

ಎರಡನೆಯ ಕರಡು ಒಂದು ಟೋಪಿಯಿಂದ ಶುರುವಾಗಿತ್ತು. ವರ್ನಾ ಪಚೆಕೊ ಎಂಬಾಕೆ ಗಾಳದ ದಾರವನ್ನು ಹಿಂದಕ್ಕೆ ಬೀಸುತ್ತಾಳೆ. ಹಿಂದಿನ ದಾರಿಯಲ್ಲಿ ಓಡುತ್ತಿದ್ದವನೊಬ್ಬನ ಟೋಪಿ ಗಾಳಕ್ಕೆ ಸಿಕ್ಕಿ ಕೆರೆಗೆ ಬೀಳುತ್ತದೆ. ಅದನ್ನು ತರಲು ಯಾರದೋ ನಾಯಿ ನೀರಿಗೆ ಹಾರುತ್ತದೆ. ನಗು ಬರುವಂತಿತ್ತು. ಓದಿದ ವರ್ನಾ ಮಾತ್ರ ಮುಖ ಗಂಟಿಕ್ಕಿದಳು. (ಹೌದು, ಪಾತ್ರಗಳೂ ಓದುತ್ತವೆ, ನಿಮಗಿಂತ ಮೊದಲೇ, ನಿಮಗಿಂತ ಸಿಟ್ಟಿನಿಂದ.) ಡೆನ್ವರ್ ನಗರದಲ್ಲಿ ಬಸ್ಸು ಓಡಿಸಿ ನಿವೃತ್ತಳಾದವಳು ನಾನು, ಹಿಂದೆ ನೋಡದೆ ಯಾವುದನ್ನೂ ಬೀಸುವವಳಲ್ಲ ಎಂದಳು. ಅದು ನಿಜವೇ. ಪ್ರತಿ ಬೀಸಿಗೂ ಮೊದಲು ಅವಳು ಕತ್ತು ತಿರುಗಿಸಿ "ಹಿಂದೆ" ಎಂದು ಕೂಗುತ್ತಾಳೆ. ತಳ್ಳುಗಾಡಿಯ ತಾಯಂದಿರು, ಸ್ಕೇಟ್ ಹಾಕಿಕೊಂಡವರು, ಸೈಕಲ್ಲಿನವರು ಎಲ್ಲರೂ ನಿಲ್ಲುತ್ತಾರೆ. ದಾರ ಗಾಳಿಯಲ್ಲೊಂದು ಉದ್ದನೆಯ ಕುಣಿಕೆ ಬರೆದು, ಮುಂದೆ ಹೋಗಿ, ನೀರಿನ ಮೇಲೆ ಸದ್ದಿಲ್ಲದೆ ಮಲಗುತ್ತದೆ. ಆಮೇಲೆ ದಾರಿ ಮತ್ತೆ ಚಲಿಸತೊಡಗುತ್ತದೆ.

ಸರಿ, ಟೋಪಿಯೂ ಬೇಡ.

೨

ಮೀನಿನಿಂದಲೇ ಶುರುಮಾಡುತ್ತೇನೆ. ಮೇ ತಿಂಗಳ ಶನಿವಾರ, ಮಧ್ಯಾಹ್ನ ಇಳಿಯುತ್ತಿದೆ. ವರ್ನಾ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಳೆ. ಅವಳ ಕೈಬಲೆಯಲ್ಲಿ, ನೀರಿನೊಳಗೇ, ಒಂದು ಟ್ರೌಟ್ ಮೀನು. ಕೊಕ್ಕೆಗೆ ರೋಮ ಸುತ್ತಿ, ಗರಿ ಕಟ್ಟಿ ಅವಳೇ ಮಾಡಿದ ಹುಸಿನೊಣವನ್ನು ನಂಬಿ ಬಂದದ್ದು. ಕೊಕ್ಕೆ ಬಿಡಿಸಿ ಆಗಿದೆ. ಬಲೆಯನ್ನು ಕೊಂಚ ಓರೆ ಮಾಡಿದರೆ ಮೀನು ಹೋಗುತ್ತದೆ. ಅವಳು ಹಿಡಿದ ಎಲ್ಲ ಮೀನುಗಳೂ ಹಾಗೆಯೇ ಹೋಗಿವೆ.

ಇದರ ಬಗ್ಗೆ ಕೆರೆಯ ಸುತ್ತ ಒಂದು ಹಳೆಯ ಗೇಲಿಯಿದೆ. ಟ್ರೌಟು ತಣ್ಣೀರಿನ ಜೀವ. ವಸಂತದಲ್ಲಿ ಲಾರಿ ಬಂದು ಕೊಳವೆಯಿಂದ ಮೀನು ಸುರಿದು ಹೋಗುತ್ತದೆ. ಜುಲೈಯಲ್ಲಿ ಈ ಆಳವಿಲ್ಲದ ಕೆರೆ ಬಿಸಿಯಾಗುತ್ತದೆ, ಹಿಡಿಯದೆ ಉಳಿದವೆಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಜುಲೈಯಲ್ಲಿ ಸಾಯುವುದನ್ನು ಮೇಯಲ್ಲಿ ಬಿಟ್ಟು ಯಾವ ಪುಣ್ಯ ಗಳಿಸುತ್ತೀಯ ಎಂದು ಅವಳ ಗೆಳೆಯರು ಕೇಳುತ್ತಾರೆ.

ಆದರೆ ಈ ಮೀನಿನ ಬಾಲ ಇಡಿಯಾಗಿದೆ. ಸಾಕಣೆಯ ತೊಟ್ಟಿಯಿಂದ ಬಂದ ಮೀನಿಗೆ ಸಿಮೆಂಟಿಗೆ ಉಜ್ಜಿ ಸವೆದ ಮೋಟು ಬಾಲವಿರುತ್ತದೆ. ಅದು ಮತ್ತೆ ಬೆಳೆಯಲು ವರ್ಷ ಬೇಕು. ಅಂದರೆ ಇದು ಹೋದ ವರ್ಷದ ಮೀನು. ಹೋದ ಜುಲೈ ಇದನ್ನು ಕೊಲ್ಲಲಿಲ್ಲ. ಹಂಸದೋಣಿಗಳ ಕಟ್ಟೆಯಡಿ ತಣ್ಣನೆಯ ಒರತೆಯಿದೆ, ಅಲ್ಲೊಂದು ಮೀನು ಬದುಕಿದೆ ಎಂದು ವರ್ನಾ ಚಳಿಗಾಲವೆಲ್ಲ ಹೇಳಿದ್ದಳು, ಯಾರೂ ನಂಬಿರಲಿಲ್ಲ. ಅದು ಈಗ ಅವಳ ಬಲೆಯಲ್ಲಿದೆ, ಪಕ್ಕೆಯ ಮೇಲೆ ದಾಳಿಂಬೆ ಬಣ್ಣದ ಪಟ್ಟೆ ಹೊತ್ತು.

(ಇಲ್ಲಿಗೇ ನಿಲ್ಲಿಸಿದ್ದರೆ ಚಂದದ ಕಥೆಯಾಗುತ್ತಿತ್ತು. ನಾನು ನಿಲ್ಲಿಸಲಿಲ್ಲ.)

೩

ಅರ್ವಿಲ್ ಬಂದ. ಎಪ್ಪತ್ತು ದಾಟಿದವನು, ಬೆಳಗಿನಿಂದ ಮಡಿಸುವ ಕುರ್ಚಿಯಲ್ಲಿ ಕೂತು ಎರೆಹುಳುವಿನ ಗಾಳ ಹಾಕಿದವನು. ಒಂದು ಮೀನೂ ಅವನ ಕಡೆ ತಿರುಗಿರಲಿಲ್ಲ. ದಾರವನ್ನು ನೀರಿನಲ್ಲೇ ಬಿಟ್ಟು, ಗಾಳದ ಕೋಲನ್ನು ದಡದ ಗೂಟಕ್ಕೆ ಒರಗಿಸಿ, ಬೂಟು ಸಮೇತ ನೀರಿಗಿಳಿದು, ವರ್ನಾಳ ಪಕ್ಕ ನಿಂತ.

"ಅದನ್ನ ಬಿಡ್ತೀರಾ ಮೇಡಂ?"

"ಬಿಡ್ತೀನಿ."

"ನಂಗೆ ಕೊಟ್ಬಿಡಿ."

ಅವನು ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ, ಹೊತ್ತಿಲ್ಲ. ಅವನ ಹೆಂಡತಿ ನೆಡ್ರಾ ಚಿಕಿತ್ಸೆ ಮುಗಿಸಿ ಬಂದ ಮೇಲೆ ಹಾಸಿಗೆ ಬಿಟ್ಟೆದ್ದಿಲ್ಲ. ಏನು ತಿಂದರೂ ಕಬ್ಬಿಣ ಕಚ್ಚಿದ ಹಾಗೆ ಎನ್ನುತ್ತಾಳೆ. ಇವತ್ತು ಬೆಳಿಗ್ಗೆ ಮಾತ್ರ, ಟ್ರೌಟ್ ಇದ್ದರೆ ತಿನ್ನಬಹುದೇನೋ ಎಂದಳಂತೆ, ತನ್ನಪ್ಪ ಮಾಡುತ್ತಿದ್ದ ಹಾಗೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದದ್ದು. ತರುತ್ತೇನೆ ಎಂದು ಇವನು ಹೊರಟ. ಮಧ್ಯಾಹ್ನ ಅವಳು ಫೋನ್ ಮಾಡಿ ಸಿಕ್ಕಿತೇ ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ಬಾರದೆ, ಸಿಕ್ಕಿತು ಎಂದುಬಿಟ್ಟ.

"ಅಷ್ಟಕ್ಕೇ ಎದ್ಬಿಟ್ಟಿದಾಳೆ," ಅಂದ. "ಒಲೆ ಹತ್ರ ಕುರ್ಚಿ ಎಳ್ಕೊಂಡು ಕೂತು ಆಲೂಗಡ್ಡೆ ಸುಲೀತಿದಾಳಂತೆ."

ನಾನು ಮೆಲ್ಲಗೆ, ರಸ್ತೆಯಾಚೆ ಮೀನಿನಂಗಡಿಯಿದೆಯಲ್ಲ ಎಂದು ಸೂಚಿಸಿದೆ. (ಓದುಗರಲ್ಲಿ ಬುದ್ಧಿವಂತರು ಇದನ್ನು ಆಗಲೇ ಯೋಚಿಸಿರುತ್ತಾರೆ.) ಅರ್ವಿಲ್ ನನ್ನ ಕಡೆ ತಿರುಗಲೂ ಇಲ್ಲ. ನೆಡ್ರಾಳ ಅಪ್ಪ ಬೆಟ್ಟದ ಹೊಳೆಗಳಲ್ಲಿ ಮೀನು ಹಿಡಿದು ಮಕ್ಕಳನ್ನು ಸಾಕಿದವನು, ಅವಳು ಕಿವಿರು ಬಿಡಿಸಿ ನೋಡಿಯೇ ಯಾವತ್ತಿನ ಮೀನೆಂದು ಹೇಳುತ್ತಾಳೆ ಎಂದ. ಸುಳ್ಳು ಗೊತ್ತಾದರೆ ಮತ್ತೆ ಹೋಗಿ ಮಲಗುತ್ತಾಳೆ. ಈ ಸಲ ಮಲಗಿದರೆ ಏಳಿಸುವುದು ತನ್ನಿಂದಾಗದು.

ವರ್ನಾ ಬಲೆ ನೋಡಿದಳು. "ಬೇರೆ ಯಾವ್ದಾಗಿದ್ರೂ ಎರಡನೇ ಮಾತಿಲ್ದೆ ಕೊಡ್ತಿದ್ದೆ. ಇದೊಂದೇ ಕಣ್ರೀ ಬದುಕಿರೋದು."

೪

ಅಂತ್ಯ ಒಂದು: ಅವಳು ಕೊಡುತ್ತಾಳೆ. ನೆಡ್ರಾ ತಿನ್ನುತ್ತಾಳೆ, ತಿಂದು ಅಳುತ್ತಾಳೆ. ನೀವೂ ಕಣ್ಣೊರೆಸಿಕೊಳ್ಳುತ್ತೀರಿ. (ಬರೆದೆ. ವರ್ನಾ ಓದಿ, ಬದುಕಿದ್ದಕ್ಕೇ ಇದಕ್ಕೆ ಶಿಕ್ಷೆಯೇ ಎಂದು ಕೇಳಿದಳು. ಹೊಡೆದುಹಾಕಿದೆ.)

ಅಂತ್ಯ ಎರಡು: ಅವಳು ಬಿಡುತ್ತಾಳೆ. ಅರ್ವಿಲ್ ಬರಿಗೈಲಿ ಮನೆಗೆ ಹೋಗಿ ನಿಜ ಹೇಳುತ್ತಾನೆ. ನಿಜ ಕೇಳಿದ ನೆಡ್ರಾ ನಕ್ಕು ಆಲೂಗಡ್ಡೆಯನ್ನೇ ತಿನ್ನುತ್ತಾಳೆ. (ಅರ್ವಿಲ್ ಇದನ್ನು ಎರಡು ಸಲ ಓದಿದ. ನೀವು ನನ್ನ ಹೆಂಡತಿಯನ್ನು ನೋಡಿಲ್ಲ ಅಲ್ಲವೇ ಎಂದ. ನೋಡಿರಲಿಲ್ಲ. ಇದೂ ಹೋಯಿತು.)

ವರ್ನಾ ನನಗೆ ಮೀನು ತೋರಿಸಿದಳು. "ನೀವು ಅಲ್ಲಿ ಒಂದೊಂದು ವಾಕ್ಯ ಬರೀವಾಗ್ಲೂ ಇಲ್ಲಿ ಇದು ಒಂದೊಂದ್ಸಲ ಬಾಯಿ ತೆರೀತಿದೆ. ಆವಾಗ್ಲೇ ಎಳೆದಾಡಿ ಸುಸ್ತಾಗಿದೆ. ನೀರೂ ಬೆಚ್ಚಗಿದೆ. ಏನೋ ಒಂದು ಬೇಗ ಮಾಡಿ."

೪ (ಮತ್ತೆ)

ನಾನು ಕೇಳಿ ಬೆಳೆದ ಪದ್ಯಗಳಲ್ಲಿ ಇಂಥ ಹೊತ್ತಿಗೆ ಯಾರಾದರೊಬ್ಬರು ಮೇಲಿಂದ ಇಳಿದು ಬರುತ್ತಿದ್ದರು. ಓದುವವರ ದನಿ ಅಲ್ಲಿ ತಗ್ಗುತ್ತಿತ್ತು, ನಾವು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು. ಈ ಕೆರೆಗೆ ಇಳಿದು ಬರಬೇಕಾದವನು ಯಾರು? ಸುತ್ತ ನೋಡಿದೆ. ನಾನಲ್ಲದೆ ಬೇರೆ ಯಾರೂ ಕಾಣಲಿಲ್ಲ. ಮುಜುಗರದಿಂದಲೇ ಇಳಿದೆ.

ಬರೆದೆ: ಅರ್ವಿಲ್‌ನ ಗಾಳಕ್ಕೆ ಮೀನು ಬಿತ್ತು. ಮೋಟು ಬಾಲದ, ಈ ವರ್ಷದ, ಮೂರು ಜನ ತಿನ್ನುವಷ್ಟು ದೊಡ್ಡ ಮೀನು.

ಬಿತ್ತು ಕೂಡ. ಆದರೆ ಅರ್ವಿಲ್ ಇಲ್ಲಿ ನೀರಿನಲ್ಲಿ ನಿಂತಿದ್ದ, ಕೋಲು ಅಲ್ಲಿ ಗೂಟಕ್ಕೆ ಒರಗಿತ್ತು. ಇದನ್ನು ನಾನೇ ಬರೆದಿದ್ದೆ, ಮರೆತಿದ್ದೆ. ಮೀನು ಒಮ್ಮೆ ಎಳೆಯಿತು, ಗೂಟ ಬಾಗಿತು; ಇನ್ನೊಮ್ಮೆ ಎಳೆಯಿತು, ಕೋಲು ದಡದಿಂದ ಜಾರಿ ನೀರಿಗೆ ಬಿದ್ದು, ಪ್ಲಾಸ್ಟಿಕ್ ಹಂಸವೊಂದರ ಕೆಳಗೆ ನುಸುಳಿ ಮಾಯವಾಯಿತು. ಹಂಸದೊಳಗಿದ್ದ ಹುಡುಗ ಹುಡುಗಿ ಚಪ್ಪಾಳೆ ತಟ್ಟಿದರು.

ಅರ್ವಿಲ್ ಈಗ ನನ್ನ ಕಡೆ ತಿರುಗಿದ. ಅವನಿಗೆ ಬೇಜಾರಾದದ್ದು ಕೋಲು ಹೋದದ್ದಕ್ಕಲ್ಲ.

"ಈ ಮೀನು ಬೆಳಗ್ಗೆಯಿಂದ ನಿಮ್ಮ ಹತ್ರಾನೇ ಇತ್ತಾ?"

ಇತ್ತು ಎಂದೆ.

"ಮತ್ಯಾಕೆ ನನ್ನ ಕಾಯಿಸಿದ್ರಿ?"

ಬೆಳಿಗ್ಗೆಯೇ ಸಿಕ್ಕಿದ್ದರೆ ಕಥೆ ಹುಟ್ಟುತ್ತಿರಲಿಲ್ಲ ಎಂದೆ. ಹೇಳುವಾಗಲೇ ಅದೆಂಥ ಮಾತೆಂದು ನನಗೂ ಗೊತ್ತಾಯಿತು.

ಅವನು ತಲೆದೂಗಿದ. ಆಮೇಲೆ, ಜಗಳದ ದನಿಯಲ್ಲೇನೂ ಅಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುವ ಹಾಗೆ ಕೇಳಿದ: "ನೆಡ್ರಾಗೆ ಕಾಯಿಲೆ ಕೊಟ್ಟಿದ್ದೂ ಅದಕ್ಕೇನಾ?"

ಈ ಪ್ರಶ್ನೆಯನ್ನು ನಾನೇ ದಿನಾ ಕೈಮುಗಿದು ಬೇರೊಬ್ಬರಲ್ಲಿ ಕೇಳುತ್ತ ಬಂದವನು. ಒಂದು ದಿನ ಯಾರಾದರೂ ತಿರುಗಿ ನನ್ನನ್ನೇ ಕೇಳಬಹುದೆಂದು ತಿಳಿದಿರಲಿಲ್ಲ. ಆ ಕಡೆ ಸುಮ್ಮನಿರುವವರಿಗೂ ಹೀಗೇ ದಿಕ್ಕುತೋಚದೆ ಇರುತ್ತದೋ ಏನೋ.

ಐದೋ, ಆರೋ

ಎಣಿಕೆ ತಪ್ಪಿದೆ. ಇರಲಿ. ಇನ್ನೊಂದು ಮೀನು ಕಳಿಸಲೇ ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ ಬೇಡ ಎಂದರು. ನೀವು ಕೊಟ್ಟದ್ದನ್ನು ಬಾಣಲೆಗೆ ಹಾಕಿದರೆ ಬೆಣ್ಣೆಗೂ ಬೆಂಕಿ ಹತ್ತೀತು ಎಂದು ವರ್ನಾ ಗೊಣಗಿದಳು. ಆಮೇಲೆ ನನ್ನನ್ನು ಒಂದು ಪಕ್ಕಕ್ಕೆ ಇಟ್ಟವಳಂತೆ, ಬಲೆಯ ಹಿಡಿಯನ್ನು ಅರ್ವಿಲ್‌ನ ಕೈಗೆ ಕೊಟ್ಟಳು.

"ನೀವೇ ಹಿಡ್ಕೊಳ್ಳಿ. ತಗೊಂಡು ಹೋದ್ರೆ ಬೇಡ ಅನ್ನಲ್ಲ. ಬಿಟ್ರೆ ಥ್ಯಾಂಕ್ಸೂ ಹೇಳಲ್ಲ."

(ಇದು ನಾನು ಬರೆದದ್ದಲ್ಲ. ಅವಳಾಗಿ ಮಾಡಿದ್ದು.)

ಅರ್ವಿಲ್ ಹಿಡಿದುಕೊಂಡ. ಬಗ್ಗಿ ನೋಡಿದ. ಬಾಲವನ್ನು ನೋಡಿದ, ಅದರ ಸವೆಯದ ಅಂಚನ್ನು. ಇದನ್ನು ಹಿಡಿಯುವುದು ಹೇಗೆ ಎಂದು ಕೇಳಿದ. ಕೈ ಮೊದಲು ಒದ್ದೆ ಮಾಡಿಕೊಳ್ಳಿ, ಹೊಟ್ಟೆಯ ಕೆಳಗೆ ಅಂಗೈ ಕೊಡಿ, ಹಿಂಡಬೇಡಿ, ಬೆನ್ನು ಮೇಲಿರಲಿ ಎಂದು ಅವಳು ತೋರಿಸಿದಳು. ಅವನು ಹಾಗೆಯೇ ಮಾಡಿ, ಬಲೆಯನ್ನು ಮೆಲ್ಲಗೆ ಕೆಳಗಿಂದ ಎಳೆದುಕೊಂಡ. ಈಗ ಮೀನಿಗೂ ಕೆರೆಗೂ ನಡುವೆ ಏನೂ ಇಲ್ಲ, ಅರ್ವಿಲ್‌ನ ತೆರೆದ ಅಂಗೈಯೊಂದನ್ನು ಬಿಟ್ಟು. ಅವನು ಬಿಡುತ್ತಿದ್ದಾನೋ ಒಯ್ಯುತ್ತಿದ್ದಾನೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿತ್ತೆಂದು ಹೇಳಲಾರೆ.

ಮೀನು ಹೋಗಲಿಲ್ಲ.

"ಹೋಗ್ತಾ ಇಲ್ಲ ಮೇಡಂ."

"ಹಿಡ್ಕೊಂಡಿಲ್ಲ ತಾನೇ?"

"ಇಲ್ಲ."

"ಹಾಗಿದ್ರೆ ಸುಮ್ನಿರಿ."

ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎಡಗೈಯಲ್ಲಿ ತೆಗೆದು ಕಿವಿಗಿಟ್ಟ, ಬಲಗೈ ನೀರಿನಲ್ಲೇ ಇತ್ತು. ಕೆರೆಯ ಸುತ್ತ ಜನ ಓಡುತ್ತಲೇ ಇದ್ದರು. ಅವನು ಇಷ್ಟು ಹೇಳಿದ್ದು ನನಗೆ ಕೇಳಿಸಿತು:

"ಮಧ್ಯಾಹ್ನ ಹೇಳಿದ್ದು ಸುಳ್ಳು ನೆಡ್ರಾ. ಈಗ ಒಂದು ಮೀನು ಕೈಯಲ್ಲಿದೆ. ನಂದಲ್ಲ. ಹೋಗುತ್ತೋ ಇರುತ್ತೋ ಗೊತ್ತಾಗ್ತಿಲ್ಲ. ನೀನು ಮಾತ್ರ ಎದ್ದಿರು."

ಆ ಕಡೆಯಿಂದ ಅವಳು ಏನೋ ಕೇಳಿದಳು, ದೀರ್ಘವಾಗಿಯೇ. ಅವನು ಬಗ್ಗಿ, ಅವಳಿಗೆ ಮೀನಿನ ಬಾಲ ಹೇಗಿದೆಯೆಂದು ಹೇಳತೊಡಗಿದ. ಇನ್ನೂ ಹತ್ತಿರ ಹೋದರೆ ನೆಡ್ರಾಳ ಮಾತೂ ನನಗೆ ಕೇಳಿಸುತ್ತದೆ. ಬರೆಯುವವನಿಗೆ ಅಷ್ಟು ಸಲಿಗೆ ಇದ್ದೇ ಇದೆ. ನಾನು ಹೋಗಲಿಲ್ಲ. ಮೀನು ಬಾಯಿ ತೆರೆಯಿತು, ಮುಚ್ಚಿತು. ಇನ್ನೊಂದು ವಾಕ್ಯ ಬರೆದರೆ ಅದು ಇನ್ನೊಮ್ಮೆ ತೆರೆಯಬೇಕು, ಎಷ್ಟು ಸಲಕ್ಕೆ ಆಗುವಷ್ಟು ಅದರಲ್ಲಿ ಉಳಿದಿದೆಯೋ ನನಗೆ ಗೊತ್ತಿಲ್ಲ. ಆದ್ದರಿಂದ ನಾನು ಇಲ್ಲಿ ಸುಮ್ಮನಾಗುತ್ತೇನೆ, ದಯವಿಟ್ಟು ನೀವೂ ಏನೂ ಕೇಳಬೇಡಿ